ತಪ್ಪು ಗುರುತು

ನಲವತ್ತೆರಡು ಲೆಕ್ಕ. ನಲವತ್ತೆರಡೂ ಸರಿ.
ಮಡಚುಮೇಜಿನ ಮೇಲೆ ಪುಸ್ತಕ ನೂಕಿ, ಬೂಟು ಏರಿಸಿ
ನಾಯಿಯ ಹಿಂದೆ ಕಾಲುವೆ ದಂಡೆಗೆ ಹಾರಿದಳು ಟ್ಯಾಮ್ಸಿನ್.
ಯಾರೂ ಕಲಿಸಿದ್ದಲ್ಲ. ತಾನೇ ಓದಿದ್ದು, ತಾನೇ ಮಾಡಿದ್ದು.
ನನ್ನ ಪಾಲಿನ ಕೆಲಸ ಇಷ್ಟೇ:
ಉತ್ತರದ ಹಾಳೆಗಳನ್ನು ಕಿತ್ತು
ಚಹಾ ಡಬ್ಬಿಯಲ್ಲಿ ಬಚ್ಚಿಟ್ಟದ್ದು.

ನಮ್ಮದು ಕಲ್ಲಿದ್ದಲ ದೋಣಿ,
ಎಪ್ಪತ್ತಡಿ ಉದ್ದ, ಏಳಡಿ ಅಗಲ.
ಚಳಿಗಾಲವಿಡೀ ದಂಡೆಗೆ ಕಟ್ಟಿದ ದೋಣಿಮನೆಗಳಿಗೆ
ಚೀಲ ಹೊತ್ತು ಹಾಕುವುದು, ಡೀಸೆಲ್ ಸುರಿಯುವುದು.
ಚಿಲ್ಲರೆ ಲೆಕ್ಕ ನನಗೆ ಬಾಯಲ್ಲೇ ಇದೆ.
ಭಿನ್ನರಾಶಿ ಬಂದಾಗ ಮಾತ್ರ
ಹದಿನೈದಕ್ಕೇ ಶಾಲೆಗೆ ಬೆನ್ನು ತಿರುಗಿಸಿದವಳು ನೆನಪಾಗುತ್ತಾಳೆ.

"ಅರ್ಧವನ್ನು ಕಾಲಿಂದ ಭಾಗಿಸಿದರೆ ಎರಡು ಹೇಗೆ ಬಂತೇ?
ಭಾಗ ಮಾಡಿದರೆ ಕಮ್ಮಿಯಾಗಬೇಕಲ್ಲ?"
"ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಬೇಕು."
"ಯಾಕೆ?"
"ಹಾಗೇ ಮಾಡಬೇಕಂತೆ."

ಅಂತೆ.
ಆ ಒಂದು ಅಂತೆಯ ಮೇಲೆ ಕಾಲಿಟ್ಟು
ಜಾರಿದೆ ನಾನು.

ಮರುದಿನ ಒಂದು ಪಾಪ ಮಾಡಿದೆ.
ಸರಿಯಿದ್ದ ಅದೇ ಉತ್ತರಕ್ಕೆ
ಕೆಂಪು ಪೆನ್ನಿನಲ್ಲಿ ತಪ್ಪು ಗುರುತು ಎಳೆದೆ,
ಜಗಳಕ್ಕಾದರೂ ಬರಲಿ ಅಂತ.
ಬರಲಿಲ್ಲ. ರಬ್ಬರು ಹುಡುಕಿದಳು.
ಉಜ್ಜಿ, ಊದಿ, ಎರಡಿದ್ದ ಕಡೆ ಅರೆಕಾಲು ಬರೆದು
"ಈಗ ಸರಿನಾ?" ಅಂತ ನೋಡಿದಳು.
ಲೆಕ್ಕವನ್ನಲ್ಲ. ನನ್ನ ಮುಖವನ್ನ.

ಆಡ್ಲೆಮ್‌ನ ಹದಿನೈದು ಲಾಕುಗಳನ್ನು ಇಳಿಯುವ ದಿನ
ತೂಬು ತಿರುಗಿಸುವ ಕೈಪಿಡಿ ಅವಳದೇ.
ಬಾಗಿಲ ತೊಲೆಗೆ ಬೆನ್ನು ಕೊಟ್ಟು ಕಾಯುತ್ತಾಳೆ, ನೂಕುವುದಿಲ್ಲ.
ಎರಡೂ ಕಡೆಯ ನೀರು ಒಂದೇ ಮಟ್ಟಕ್ಕೆ ಬರುವ ತನಕ
ಆನೆ ನೂಕಿದರೂ ಅಲುಗದು ಅದು.
ಬಂದ ಗಳಿಗೆ ಮಾತ್ರ ಬೆನ್ನಿಗೆ ಗೊತ್ತಾಗುತ್ತದೆ.
ಇದನ್ನು ಯಾರೂ ಅವಳಿಗೆ ಅಂತೆ ಎಂದು ಹೇಳಿಲ್ಲ.

ಪುಸ್ತಕ ಮುಚ್ಚಿಸಿದೆ, ಒಂದು ವಾರ.
ಬೆನ್ನು ಉಳುಕಿದ ಮುದುಕ ಸೆಡ್ರಿಕ್
ಮುಕ್ಕಾಲು ಚೀಲ ಸಾಕು ಅಂದ.
ಎಂಟು ಸಲಿಕೆಗೆ ಒಂದು ಚೀಲ ನಮ್ಮಲ್ಲಿ.
ಒಂದು, ಎರಡು, ಮೂರು, ನಾಲ್ಕು, ಐದು,
ಆರನೆಯದು ಗಾಳಿಯಲ್ಲೇ ನಿಂತಿತು.
ಕಪ್ಪು ಪುಡಿ ಅವಳ ಬೂಟಿನ ಮೇಲೆ ಉದುರುತ್ತಿತ್ತು.
"ಅಮ್ಮಾ, ಮುಕ್ಕಾಲಿನಲ್ಲಿ ಎಷ್ಟು ಅರೆಕಾಲು ಇವೆ,
ಅಷ್ಟೇನಾ ಅದು ಕೇಳೋದು?"
"ಅಷ್ಟೇ."
"ಹಾಗಾದ್ರೆ ಅವತ್ತು ನನ್ನ ಎರಡು ಸರಿ ಇತ್ತು."
"ಇತ್ತು."
"ಗೊತ್ತಿದ್ದೂ ತಪ್ಪು ಹಾಕಿದೆ."
"ಹಾಕಿದೆ."
ಮೂರು ದಿನ ನಾಯಿಯ ಜೊತೆ ಮಾತ್ರ ಮಾತಾಡಿದಳು.

ನಿನ್ನೆ ರಾತ್ರಿ ಮತ್ತೆ ಪುಸ್ತಕ ತೆರೆದಿತ್ತು.
ಮೂರನೇ ಎರಡನ್ನು ಮುಕ್ಕಾಲಿನಿಂದ ಭಾಗಿಸಿ
ಒಂಬತ್ತನೇ ಎಂಟು ಅಂತ ಬರೆದಿದ್ದಳು.
ನಾನೂ ಲಕೋಟೆಯ ಬೆನ್ನ ಮೇಲೆ ಮಾಡಿ ನೋಡಿ
ತಪ್ಪು ಗುರುತು ಹಾಕಿದೆ.

ರಬ್ಬರು ಮುಟ್ಟಲಿಲ್ಲ ಹುಡುಗಿ.
"ಮುಕ್ಕಾಲು ದೊಡ್ಡದು, ಇದು ಅದಕ್ಕಿಂತ ಚಿಕ್ಕದು.
ಚಿಕ್ಕದರೊಳಗೆ ದೊಡ್ಡದು ಪೂರ್ತಿ ಒಂದು ಸಲ ಕೂಡ ಹಿಡಿಯಲ್ಲ.
ಉತ್ತರ ಒಂದಕ್ಕಿಂತ ಕಮ್ಮಿಯೇ ಇರಬೇಕು. ನನ್ನದು ಇದೆ.
ನಿನ್ನದು ನೋಡು,
ತಲೆಕೆಳಗು ಮಾಡಿದ್ದು ಬೇರೆಯದನ್ನೇ."
ಕೆಂಪು ಪೆನ್ನು ನನ್ನ ಕೈಯಿಂದ ತೆಗೆದುಕೊಂಡು
ನನ್ನ ಲಕೋಟೆಯ ಮೇಲೆ ಗೀಟು ಎಳೆದಳು.
"ಮತ್ತೆ ಅದೇ ಆಟ. ಈ ಸಲ ಏಮಾರಲ್ಲ."

ಆ ಸಲ ನಾನು ಆಟ ಆಡಿರಲಿಲ್ಲ.
ಅವಳು ಮಲಗಿದ ಮೇಲೆ ಚಹಾ ಡಬ್ಬಿ ತೆರೆದು ನೋಡಿದೆ:
ಒಂಬತ್ತನೇ ಎಂಟು.
ಹಾಳೆಗೆ ಚಹಾಪುಡಿಯ ವಾಸನೆ.

ಸಿಕ್ಕಿಬಿದ್ದೆ ಕಣೇ, ಅಂದಿದ್ದೆ ಅವಳಿಗೆ.
ಅದೇನೂ ಸುಳ್ಳಲ್ಲ.